ನಮ್ಮ ಟೀಮಿನ ಹೆಸರು ಈಗ ಬೇರೆಯವರದ್ದಾ? ಟ್ರೇಡ್‌ಮಾರ್ಕ್ ಗೊತ್ತಿರುವವರು ಹೇಳಿ

ಎಡಗೈ ಓಪನರ್, ಕಲಬುರಗಿ

ಎಲ್ಲರಿಗೂ ಶರಣು ಶರಣಾರ್ಥಿ. ವಿಷಯ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಮ್ಮದು ಟೆನ್ನಿಸ್ ಬಾಲ್ ಕ್ರಿಕೆಟ್ ಟೀಮ್. 2014ರಲ್ಲಿ ಓಣಿಯ ಹುಡುಗರು ಸೇರಿ ಕಟ್ಟಿದ್ದು. ಹೆಸರು ಇಲ್ಲಿ ಹಾಕುವುದಿಲ್ಲ. ಊರಿನ ಹೆಸರು, ಅದರ ಹಿಂದೆ ಒಂದು ಪ್ರಾಣಿಯ ಹೆಸರು ಅಂತ ತಿಳಿದುಕೊಳ್ಳಿ. ಲೋಗೋ ಬರೆದಿದ್ದು ನಮ್ಮ ಓಣಿಯಲ್ಲೇ ಬೋರ್ಡ್ ಬರೆಯುವ ಗೆಳೆಯ. ಎನ್‌ವಿ ಮೈದಾನದಲ್ಲಿ ಆಡಿದ್ದೇವೆ, ಆಳಂದ, ಸೇಡಂ, ಶಹಾಬಾದ್, ಹುಮನಾಬಾದ್ ಕಡೆಯೆಲ್ಲ ಟಂಟಂ ಮಾಡಿಕೊಂಡು ಹೋಗಿ ಆಡಿ ಬಂದಿದ್ದೇವೆ. ಬ್ಯಾನರ್, ಟೀ ಶರ್ಟ್, ಗೆದ್ದ ಕಪ್ಪು ಎಲ್ಲದರ ಮೇಲೂ ಅದೇ ಹೆಸರು.

ನಾಲ್ಕು ವರ್ಷ ನಮ್ಮ ಮ್ಯಾನೇಜರ್ ಆಗಿದ್ದವರೊಬ್ಬರು ಹೋದ ವರ್ಷ ಬೇರೆಯಾದರು. ಜಗಳ ಏನೂ ಆಗಿರಲಿಲ್ಲ. ಈಗ ಅವರು ಅದೇ ಹೆಸರು, ಅದೇ ಲೋಗೋ ಇಟ್ಟುಕೊಂಡು ಕೋಚಿಂಗ್ ಕ್ಯಾಂಪ್ ಶುರು ಮಾಡಿದ್ದಾರೆ. ಮೊನ್ನೆ ವಾಟ್ಸಾಪ್‌ನಲ್ಲಿ ಮೆಸೇಜ್ ಬಂತು. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿದ್ದೇನೆ, ಇನ್ನು ಮೇಲೆ ಆ ಟೀ ಶರ್ಟ್ ಹಾಕಿ ಆಡಿದರೆ ಕೇಸ್ ಹಾಕುತ್ತೇನೆ ಅಂತ. ಹತ್ತು ವರ್ಷ ಬಿಸಿಲಲ್ಲಿ ಆಡಿ ಮಾಡಿದ ಹೆಸರು ಅದು. ಒಂದು ಅರ್ಜಿ ಹಾಕಿದ ಮಾತ್ರಕ್ಕೆ ಅವರದ್ದಾಗಿ ಬಿಡುತ್ತಾ? ಲಕ್ಷಗಟ್ಟಲೆ ಖರ್ಚಾಗುತ್ತದೆ ಅಂತ ಹೆದರಿಸುವವರೂ ಇದ್ದಾರೆ.

ಜರ್ಸಿ ಪ್ರಿಂಟಿಂಗ್, ಕಲಬುರಗಿ

ಅಣ್ಣಾ, ನಿಮ್ಮ ಟೀಮ್ ಯಾವುದು ಅಂತ ಗೊತ್ತಾಯಿತು, ಹೆಸರು ಹೇಳುವುದಿಲ್ಲ. 2016ರಲ್ಲಿ ನಿಮ್ಮ ಮೊದಲ ಜರ್ಸಿ ಪ್ರಿಂಟ್ ಆಗಿದ್ದು ನಮ್ಮ ಅಂಗಡಿಯಲ್ಲೇ. ಹಳೆಯ ಕಂಪ್ಯೂಟರಿನಲ್ಲಿ ಕೋರೆಲ್ ಫೈಲ್ ಇದ್ದರೂ ಇರಬಹುದು, ನಾಳೆ ಹುಡುಕುತ್ತೇನೆ. ಬಿಲ್ ಬುಕ್ ಅಂತೂ ಅಪ್ಪ ಎಸೆಯುವುದಿಲ್ಲ, ಎಲ್ಲಾ ಅಟ್ಟದ ಮೇಲಿವೆ.

ಕಪ್ಪು ಕೋಟು, ಕಲಬುರಗಿ

ಓಪನರ್ ಅವರೇ, ಮೊದಲು ಹೆದರಿಕೆ ಬಿಡಿ. ಅರ್ಜಿ ಹಾಕುವುದು ಬೇರೆ, ರಿಜಿಸ್ಟರ್ ಆಗುವುದು ಬೇರೆ. ನಮ್ಮ ಕಡೆ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಟಿಎಂ ಅಂತ ಎರಡು ಅಕ್ಷರ ಯಾರು ಬೇಕಾದರೂ ಹಾಕಿಕೊಳ್ಳಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಸುತ್ತು ಹಾಕಿದ ಆರ್ ಗುರುತು ಮಾತ್ರ ರಿಜಿಸ್ಟರ್ ಆದ ಮೇಲೆಯೇ. ರಿಜಿಸ್ಟರ್ ಆಗದೆ ಅದನ್ನು ಹಾಕಿಕೊಂಡರೆ ತಪ್ಪು, ದಂಡ ಬೀಳುತ್ತದೆ. ಅವರ ಪೋಸ್ಟರಿನಲ್ಲಿ ಯಾವುದಿದೆ ಅಂತ ಮೊದಲು ನೋಡಿ.

ಆಮೇಲೆ ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟಿಗೆ ಹೋಗಿ ಹೆಸರು ಹುಡುಕಿ, ಕಾಸು ಕೊಡಬೇಕಿಲ್ಲ. ಅಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಅರ್ಜಿ ಯಾವ ದಿನದ್ದು, ಯಾವ ಕ್ಲಾಸಿನಲ್ಲಿದೆ (ಸಾಮಾನು, ಸೇವೆಗಳನ್ನು ವಿಂಗಡಿಸಿದ ನಂಬರು), ಯಾವಾಗಿನಿಂದ ಬಳಸುತ್ತಿದ್ದೇನೆ ಅಂತ ಅವರು ಬರೆದಿದ್ದಾರೆ, ಈಗ ಸ್ಟೇಟಸ್ ಏನಿದೆ. ಬಟ್ಟೆ, ಬೂಟು 25ನೇ ಕ್ಲಾಸ್. ಬ್ಯಾಟು, ಬಾಲಿನಂಥ ಆಟದ ಸಾಮಾನು 28. ಕೋಚಿಂಗ್, ಟೂರ್ನಮೆಂಟ್ 41. ಒಂದು ಕ್ಲಾಸಿನಲ್ಲಿ ಹಾಕಿದರೆ ಎಲ್ಲವೂ ಸಿಕ್ಕಿತು ಅಂತಲ್ಲ.

ರಿಜಿಸ್ಟ್ರಿಯ ಪರೀಕ್ಷೆಯಲ್ಲಿ ಪಾಸಾದ ಅರ್ಜಿಯನ್ನು ಅವರದೇ ಜರ್ನಲ್‌ನಲ್ಲಿ ಪ್ರಕಟಿಸುತ್ತಾರೆ. ಅಲ್ಲಿಂದ 4 ತಿಂಗಳೊಳಗೆ ಯಾರು ಬೇಕಾದರೂ ತಕರಾರು ಹಾಕಬಹುದು. ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ಕ್ಲಾಸಿಗೆ 2,700 ರೂಪಾಯಿ ಸರ್ಕಾರಿ ಫೀಸ್. ಆದರೆ ಆ 4 ತಿಂಗಳು ದಾಟಿತು ಅಂದರೆ ದಾಟಿತು, ಕೈ ಮುಗಿದರೂ ಒಂದು ದಿನ ಮುಂದೆ ಹೋಗುವುದಿಲ್ಲ. ಹೊಸ ಅರ್ಜಿಗೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಕ್ಲಾಸಿಗೆ 4,500, ಉಳಿದವರಿಗೆ 9,000. ಲಕ್ಷ ಎಲ್ಲಿಂದ ಬಂತು?

ಮುಖ್ಯವಾದ ಮಾತು ಇನ್ನೊಂದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 34ನೇ ಸೆಕ್ಷನ್ ಮೊದಲಿನಿಂದ ಬಳಸುತ್ತಾ ಬಂದವರನ್ನು ಕಾಪಾಡುತ್ತದೆ. ನಾಳೆ ಅವರದ್ದು ರಿಜಿಸ್ಟರ್ ಆದರೂ, ಅವರಿಗಿಂತ ಮೊದಲಿನಿಂದ ಎಡೆಬಿಡದೆ ಬಳಸುತ್ತಿದ್ದೀರಿ ಅಂತ ನೀವು ತೋರಿಸಿದರೆ ನಿಮ್ಮನ್ನು ತಡೆಯಲು ಆಗುವುದಿಲ್ಲ. ತೋರಿಸಬೇಕು, ಅಷ್ಟೇ. ನಾವೇ ಮೊದಲು ಅಂತ ಬಾಯಲ್ಲಿ ಹೇಳಿದರೆ ನಡೆಯುವುದಿಲ್ಲ.

ಪಿಟಿ ಮಾಸ್ತರ್, ಬೀದರ್

ವಕೀಲರ ಮಾತು ಸರಿ ಇದೆ. ಆದರೆ ಇದನ್ನೆಲ್ಲ ಓದಿದರೆ ಮನಸ್ಸಿಗೆ ಬೇಜಾರಾಗುತ್ತದೆ. ಆಟದ ಮೈದಾನಕ್ಕೂ ಕಾಗದಪತ್ರ ಬಂತಲ್ಲ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಖೋಖೋ, ಬ್ಯಾಸ್ಕೆಟ್‌ಬಾಲ್ ಕಲಿಸುತ್ತಿದ್ದೇನೆ. 1891ರಲ್ಲಿ ನೈಸ್ಮಿತ್ ಅನ್ನುವ ಮಾಸ್ತರ್ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಚಳಿಗಾಲಕ್ಕೆ ಒಳಗೆ ಕೂತ ಹುಡುಗರಿಗೆ ಏನಾದರೂ ಆಡಿಸಬೇಕು ಅಂತ ಪೀಚ್ ಹಣ್ಣಿನ ಬುಟ್ಟಿ ಮೊಳೆ ಹೊಡೆದು ಕಟ್ಟಿದ. ಹದಿಮೂರು ನಿಯಮ ಬರೆದು ಗೋಡೆಗೆ ಹಚ್ಚಿದ. ಆ ಆಟಕ್ಕೆ ಅವನು ಪೇಟೆಂಟ್ ಇಟ್ಟುಕೊಂಡಿದ್ದರೆ ನಮ್ಮ ಬೀದರಿನ ಶಾಲೆಯ ಮಕ್ಕಳು ಆಡುತ್ತಿದ್ದರಾ? ಇವತ್ತು ಧೋನಿ ಹೊಡೆಯುವ ಹೆಲಿಕಾಪ್ಟರ್ ಶಾಟ್, ನಾಳೆ ನಮ್ಮ ಹುಡುಗಿ ಖೋಖೋದಲ್ಲಿ ಕಂಬ ಸುತ್ತುವ ರೀತಿ. ಎಲ್ಲದಕ್ಕೂ ಒಬ್ಬ ಮಾಲೀಕ ಬಂದರೆ ಆಟ ಉಳಿಯುತ್ತದಾ?

ಕಪ್ಪು ಕೋಟು, ಕಲಬುರಗಿ

ಸರ್, ಅದೊಂದು ವಿಷಯದಲ್ಲಿ ನೀವು ನೆಮ್ಮದಿಯಾಗಿರಿ. ನಮ್ಮ 1970ರ ಪೇಟೆಂಟ್ ಕಾಯ್ದೆಯಲ್ಲೇ ಇದಕ್ಕೆ ಉತ್ತರ ಇದೆ. ಸೆಕ್ಷನ್ 3(ಎಂ) ಪ್ರಕಾರ ಆಟ ಆಡುವ ವಿಧಾನಕ್ಕೆ ಪೇಟೆಂಟ್ ಇಲ್ಲ. ನಿಯಮಕ್ಕಿಲ್ಲ, ಬರಿ ಯೋಜನೆಗಿಲ್ಲ, ತಲೆಯೊಳಗೆ ಮಾಡುವ ಲೆಕ್ಕಾಚಾರಕ್ಕೂ ಇಲ್ಲ. ಹೆಲಿಕಾಪ್ಟರ್ ಶಾಟ್ ಯಾರು ಬೇಕಾದರೂ ಹೊಡೆಯಲಿ, ಬಾಲ್ ಹೋಗಬೇಕು ಅಷ್ಟೇ.

ಎಲ್ಲಾ ದೇಶದಲ್ಲೂ ಹೀಗೇ ಅಂತ ಹೇಳಲಾರೆ. 1997ರಲ್ಲಿ ಅಮೆರಿಕದಲ್ಲಿ ಗಾಲ್ಫ್ ಕೋಲು ಹಿಡಿದು ಪಟ್ ಮಾಡುವ, ಅಂದರೆ ಬಾಲನ್ನು ಮೆಲ್ಲಗೆ ಗುಳಿಯತ್ತ ಹೊಡೆಯುವ ಒಂದು ವಿಧಾನಕ್ಕೇ ಪೇಟೆಂಟ್ ಕೊಟ್ಟಿದ್ದಾರೆ. ಅದಕ್ಕಿಂತ ಮೊದಲು, 1874ರಲ್ಲಿ ಇಂಗ್ಲೆಂಡಿನಲ್ಲಿ ಮೇಜರ್ ವಿಂಗ್‌ಫೀಲ್ಡ್ ಅನ್ನುವವರು ಲಾನ್ ಟೆನ್ನಿಸಿಗೆ ಪೇಟೆಂಟ್ ತೆಗೆದುಕೊಂಡರು. ಅದು ಕೂಡ ಎಲ್ಲಿಗೆ ಬೇಕಾದರೂ ಒಯ್ದು ಹೂಡಬಹುದಾದ ಕೋರ್ಟಿಗೆ, ಅಂದರೆ ಸಾಮಾನಿಗೆ.

ಹೆಸರಿನ ವಿಷಯ ಬೇರೆ. ಧೋನಿಯವರ 'ಕ್ಯಾಪ್ಟನ್ ಕೂಲ್' ಅರ್ಜಿ 2025ರ ಜೂನ್‌ನಲ್ಲಿ ಜರ್ನಲ್‌ನಲ್ಲಿ ಬಂತು, ಅದೂ 41ನೇ ಕ್ಲಾಸಿನಲ್ಲೇ. ಉಸೇನ್ ಬೋಲ್ಟ್ ಗೆದ್ದ ಮೇಲೆ ಬಿಲ್ಲು ಎಳೆದ ಹಾಗೆ ನಿಲ್ಲುತ್ತಾರಲ್ಲ, ಆ ಭಂಗಿಯ ಚಿತ್ರಕ್ಕೆ 2022ರಲ್ಲಿ ಅಮೆರಿಕದಲ್ಲಿ ಟ್ರೇಡ್‌ಮಾರ್ಕ್ ಅರ್ಜಿ ಹಾಕಿದರು. ಅಂದ ಮೇಲೆ ಓಟ ಎಲ್ಲರದು, ಆ ಚಿತ್ರ ಹಾಕಿ ಟೀ ಶರ್ಟ್ ಮಾರುವುದು ಎಲ್ಲರದಲ್ಲ.

ಯಾದಗಿರಿ ಮೆಕ್ಯಾನಿಕಲ್

ಸರ್ ನಮಸ್ಕಾರ. ನಾನು ಡಿಪ್ಲೊಮಾ ಕೊನೆಯ ವರ್ಷ. ನಮ್ಮೂರ ಹುಡುಗರ ಪ್ರಾಕ್ಟೀಸಿಗೆ ಅಂತ ಬಾಲ್ ಎಸೆಯುವ ಮಷಿನ್ ಮಾಡಿದ್ದೇನೆ. ಎರಡು ಹಳೆಯ ಮೋಟಾರು, ಸ್ಕೂಟರಿನ ಸಣ್ಣ ಚಕ್ರ, ಬ್ಯಾಟರಿ. ಕರೆಂಟ್ ಹೋದರೂ ನಡೆಯುತ್ತದೆ. ಪೇಟೆಯ ಮಷಿನಿನ ರೇಟ್ ಕೇಳಿದರೆ ನಮ್ಮ ಕೈಗೆಟುಕುವುದಿಲ್ಲ, ಅದಕ್ಕೇ ಮಾಡಿದ್ದು. ಇದಕ್ಕೆ ಪೇಟೆಂಟ್ ಸಿಗುತ್ತದಾ? ಹೋದ ದಸರಾ ರಜೆಯಲ್ಲಿ ಯೂಟ್ಯೂಬಿಗೆ ಪೂರ್ತಿ ವಿಡಿಯೊ ಹಾಕಿದ್ದೇನೆ, ಬಿಚ್ಚಿ ಒಳಗಿನದ್ದೆಲ್ಲ ತೋರಿಸಿದ್ದೇನೆ. ಜನ ತುಂಬಾ ಮೆಚ್ಚಿಕೊಂಡರು.

ಕಪ್ಪು ಕೋಟು, ಕಲಬುರಗಿ

ತಮ್ಮಾ, ಇದನ್ನು ಹೇಳಲು ನನಗೇ ಸಂಕಟ ಆಗುತ್ತದೆ. ವಿಡಿಯೊದಲ್ಲಿ ಬಿಚ್ಚಿ ತೋರಿಸಿದ ಭಾಗಕ್ಕೆ ಇನ್ನು ಪೇಟೆಂಟ್ ಸಿಗುವುದು ಕಷ್ಟ. ಪೇಟೆಂಟಿಗೆ ಮೊದಲ ಷರತ್ತೇ ಹೊಸತಾಗಿರಬೇಕು ಅನ್ನುವುದು. ಅರ್ಜಿ ಹಾಕುವ ಮೊದಲು ಜಗತ್ತಿನ ಯಾವ ಮೂಲೆಯಲ್ಲಾದರೂ ಅದು ಬಹಿರಂಗ ಆಗಿದ್ದರೆ ಹೊಸತಲ್ಲ, ಬಹಿರಂಗ ಮಾಡಿದ್ದು ನೀನೇ ಆದರೂ. ಸರ್ಕಾರ ಸೂಚಿಸಿದ ವಸ್ತುಪ್ರದರ್ಶನದಲ್ಲಿ ತೋರಿಸಿದವರಿಗೆ 12 ತಿಂಗಳ ರಿಯಾಯಿತಿ ಇದೆ. ಯೂಟ್ಯೂಬಿಗೆ ಆ ರಿಯಾಯಿತಿ ಇಲ್ಲ. ಎರಡು ಚಕ್ರದ ಮಧ್ಯೆ ಬಾಲ್ ಹಾಕಿ ಎಸೆಯುವುದಂತೂ ಬಹಳ ಹಳೆಯದು.

ವಿಡಿಯೊದಲ್ಲಿ ಇಲ್ಲದ್ದು ಏನಾದರೂ ಮಾಡಿದ್ದೀಯಾ?

ಯಾದಗಿರಿ ಮೆಕ್ಯಾನಿಕಲ್

ಹೌದು ಸರ್. ವಿಡಿಯೊ ಆದ ಮೇಲೆ ಬಾಲ್ ತಾನೇ ಒಂದೊಂದಾಗಿ ಬೀಳುವ ಹಾಗೆ ಮಾಡಿದೆ. ಟೆನ್ನಿಸ್ ಬಾಲಿಗೂ ನಡೆಯುತ್ತದೆ, ಲೆದರ್ ಬಾಲಿಗೂ ನಡೆಯುತ್ತದೆ. ಅದು ಹೇಗಂದರೆ ಒಂದು ಸ್ಪ್ರಿಂಗ್

ಕಪ್ಪು ಕೋಟು, ಕಲಬುರಗಿ

ನಿಲ್ಲಿಸು ತಮ್ಮಾ, ಇಲ್ಲಿ ಬರೆಯಬೇಡ. ಇದೂ ಬಹಿರಂಗವೇ. ಇಲ್ಲಿ ನೂರಾರು ಜನ ಓದುತ್ತಾರೆ. ನಿನ್ನ ಕಾಲೇಜಿನ ಗೈಡ್ ಹತ್ತಿರ ಮಾತಾಡು, ಚಿತ್ರ ಬರೆದು ದಿನಾಂಕ ಹಾಕಿ ಇಟ್ಟುಕೊ. ಪ್ರೊವಿಷನಲ್ ಅರ್ಜಿ ಅಂತ ಒಂದಿದೆ, ಒಬ್ಬ ವ್ಯಕ್ತಿಗೆ ಆನ್‌ಲೈನ್ ಫೀಸ್ 1,600 ರೂಪಾಯಿ. ಅದನ್ನು ಹಾಕಿದರೆ ಆ ದಿನಾಂಕ ನಿನ್ನದಾಗುತ್ತದೆ, ಪೂರ್ತಿ ವಿವರ ಕೊಡಲು 12 ತಿಂಗಳು ಟೈಮ್ ಸಿಗುತ್ತದೆ. ಆಮೇಲೆ ಪರೀಕ್ಷೆಗೆ ಬೇರೆ 4,000. ಪೇಟೆಂಟ್ ಸಿಕ್ಕರೆ ಅರ್ಜಿಯ ದಿನದಿಂದ 20 ವರ್ಷ, ನಡುವೆ ರಿನ್ಯೂವಲ್ ಫೀಸ್ ಕಟ್ಟುತ್ತಾ ಹೋಗಬೇಕು. ನಮಗೆ ಪೇಟೆಂಟ್ ಆಫೀಸ್ ಅಂದರೆ ಚೆನ್ನೈ, ಆದರೆ ಹೋಗಬೇಕಿಲ್ಲ, ಆನ್‌ಲೈನ್‌ನಲ್ಲೇ ಆಗುತ್ತದೆ.

ಪಿಟಿ ಮಾಸ್ತರ್, ಬೀದರ್

ಆ ಹುಡುಗನ ವಿಷಯ ಓದಿ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಆಟ ಎಲ್ಲರದು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಹಳ್ಳಿ ಹುಡುಗ ಕೈ ಸುಟ್ಟುಕೊಂಡು ಮಾಡಿದ ಮಷಿನನ್ನು ಯಾರೋ ನೋಡಿ ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿ ಮಾರಿದರೆ ಅದೂ ಅನ್ಯಾಯವೇ. ಸ್ಟಂಪಿನ ಮೇಲಿಂದ ಎದ್ದ ಕೂಡಲೇ ಕೆಂಪಾಗಿ ಮಿನುಗುವ ಬೇಲ್ಸ್ ಟಿವಿಯಲ್ಲಿ ನೋಡುತ್ತೇವಲ್ಲ, ಅದನ್ನು ಯೋಚಿಸಿದ್ದು ಬ್ರಾಂಟೆ ಎಕರ್‌ಮನ್ ಅನ್ನುವ ಆಸ್ಟ್ರೇಲಿಯಾದವರು. ಅಂಥವರಿಗೆ ಏನಾದರೂ ಸಿಗಲೇಬೇಕು.

ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ ತಮ್ಮಾ. ಹೊಸ ಸಾಮಾನು ಮಾಡುವುದು ಒಂದು, ಅದನ್ನು ಆಟದೊಳಗೆ ಬಿಡುವುದು ಇನ್ನೊಂದು. 1979ರಲ್ಲಿ ಡೆನ್ನಿಸ್ ಲಿಲ್ಲಿ ಪರ್ತ್ ಟೆಸ್ಟಿಗೆ ಅಲ್ಯೂಮಿನಿಯಂ ಬ್ಯಾಟ್ ಹಿಡಿದು ಬಂದರು. ಬಾಲ್ ಕೆಡುತ್ತದೆ ಅಂತ ಇಂಗ್ಲೆಂಡ್ ನಾಯಕ ದೂರಿದರು, ಆಟ ನಿಂತಿತು, ಲಿಲ್ಲಿ ಸಿಟ್ಟಿನಲ್ಲಿ ಬ್ಯಾಟ್ ಎಸೆದೇ ಬಿಟ್ಟರು. ಆಮೇಲೆ ಬ್ಯಾಟ್ ಮರದ್ದೇ ಇರಬೇಕು ಅಂತ ನಿಯಮ ಬಂತು. ಓಟದ ಬೂಟಿನಲ್ಲೂ ಹಾಗೇ ಆಯಿತು. ಕಾರ್ಬನ್ ತಟ್ಟೆ ಇಟ್ಟ ದಪ್ಪ ಬೂಟಿನಲ್ಲಿ ದಾಖಲೆ ಮೇಲೆ ದಾಖಲೆ ಮುರಿದಾಗ, 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿನ ಅಡಿ 40 ಮಿಲಿಮೀಟರ್ ದಾಟಬಾರದು, ಒಳಗೆ ಒಂದೇ ತಟ್ಟೆ ಇರಬೇಕು ಅಂದಿತು. ಪೇಟೆಂಟ್ ಇದೆ ಅಂತ ಅಂಪೈರ್ ಬಿಡುವುದಿಲ್ಲ. ನಿನ್ನ ಮಷಿನ್ ಪ್ರಾಕ್ಟೀಸಿಗೆ, ಅದಕ್ಕೇನೂ ತೊಂದರೆ ಇಲ್ಲ.

ಇಬ್ಬರು ಮಕ್ಕಳ ತಾಯಿ, ಕಲಬುರಗಿ

ಸುಮ್ನೆ ಓದುತ್ತಿದ್ದೆ, ಒಂದು ವಿಷಯ ಕೇಳಬೇಕು ಅನಿಸಿತು. ನನ್ನ ಮಗನಿಗೆ ಐಪಿಎಲ್ ಟೀಮಿನ ಜರ್ಸಿ ಬೇಕು ಅಂತ ಹಟ. ಅಸಲಿಯದ್ದಕ್ಕೆ ನಮ್ಮ ಮನೆಯ ಒಂದು ವಾರದ ಖರ್ಚು ಹೋಗುತ್ತದೆ. ಸಂತೆಯಲ್ಲಿ 250 ರೂಪಾಯಿಗೆ ಸಿಗುತ್ತದೆ, ಅದನ್ನೇ ಕೊಡಿಸಿದೆ. ಅವನು ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದು ನೋಡಿದರೆ ನಾನು ತಪ್ಪು ಮಾಡಿದೆ ಅನಿಸಲಿಲ್ಲ. ಕಾನೂನಿನ ಪ್ರಕಾರ ಇದು ತಪ್ಪಾ?

ಜರ್ಸಿ ಪ್ರಿಂಟಿಂಗ್, ಕಲಬುರಗಿ

ಅಕ್ಕಾ, ಕೊಂಡವರನ್ನು ಯಾರೂ ಹಿಡಿಯುವುದಿಲ್ಲ, ನೀವು ಚಿಂತೆ ಮಾಡಬೇಡಿ. ಕಷ್ಟ ಇರುವುದು ಮಾಡಿ ಮಾರುವ ನಮಗೆ. ಮೊದಲು ನಾನೂ ಪ್ರಿಂಟ್ ಮಾಡುತ್ತಿದ್ದೆ, ಮೂರು ಪಟ್ಟಿ, ಟಿಕ್ ಗುರುತು, ಐಪಿಎಲ್ ಲೋಗೋ, ಗಿರಾಕಿ ಕೇಳಿದ್ದೆಲ್ಲ. ಬೇರೆ ಊರಿನಲ್ಲಿ ನಮ್ಮದೇ ಧಂದೆಯ ಒಬ್ಬರ ಅಂಗಡಿಗೆ ಪೊಲೀಸರು ಬಂದು ಮಾಲು, ಹೀಟ್ ಪ್ರೆಸ್ ಎಲ್ಲಾ ಜಪ್ತಿ ಮಾಡಿದರು. ಅವರ ಹೆಂಡತಿ ಅಂಗಡಿ ಮುಂದೆ ಅಳುತ್ತಾ ಕೂತಿದ್ದನ್ನು ನೋಡಿದ ಮೇಲೆ ಬಿಟ್ಟೆ.

ಈಗ ನಮ್ಮದೇ ಡಿಸೈನ್ ಮಾಡುತ್ತೇವೆ. ಕೋಟೆ, ತೊಗರಿ ಹೂವು, ಬಿದ್ರಿ ಬಳ್ಳಿ ಹಾಕಿ ಮಾಡಿದ ಜರ್ಸಿಗೆ ಬೇಡಿಕೆ ಜಾಸ್ತಿ ಇದೆ. ನಿಮ್ಮ ಮಗನಿಗೆ ಅವನ ಹೆಸರು, ಅವನಿಗೆ ಇಷ್ಟದ ನಂಬರು ಹಾಕಿ 250ಕ್ಕೇ ಕೊಡುತ್ತೇನೆ, ಕರೆದುಕೊಂಡು ಬನ್ನಿ.

ಕಪ್ಪು ಕೋಟು, ಕಲಬುರಗಿ

ಒಳ್ಳೆಯ ಕೆಲಸ. ನಕಲಿ ಗುರುತು ಹಾಕುವುದಕ್ಕೂ, ಗೊತ್ತಿದ್ದೂ ಮಾರುವುದಕ್ಕೂ 6 ತಿಂಗಳಿಂದ 3 ವರ್ಷ ಜೈಲು, 50,000ದಿಂದ 2 ಲಕ್ಷ ದಂಡ ಅಂತ ಕಾಯ್ದೆಯಲ್ಲಿದೆ. ಆದರೆ ಅಂಗಡಿಯವರಿಗೂ ಒಂದು ರಕ್ಷಣೆ ಇದೆ. ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನ ಅಧಿಕಾರಿ ಹೀಗೆ ಹುಡುಕಿ ಜಪ್ತಿ ಮಾಡುವ ಹಾಗಿಲ್ಲ, ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಕಂಪನಿಯ ಕಡೆಯವನು ಅಂತ ಯಾರೋ ಇಬ್ಬರು ಬೈಕಿನಲ್ಲಿ ಬಂದು ದುಡ್ಡು ಕೇಳಿದರೆ ಕೊಡಬೇಡಿ. ಇದು ನಮ್ಮ ಅಂಗಡಿಯವರಿಗೆಲ್ಲ ಗೊತ್ತಿರಬೇಕು.

ಟೂರ್ನಮೆಂಟ್ ಕಮಿಟಿ, ಚಿತ್ತಾಪುರ

ನಮ್ಮ ಟೂರ್ನಮೆಂಟಿಗೆ ಊರಿನ ಹೆಸರು ಹಾಕಿ ಪ್ರೀಮಿಯರ್ ಲೀಗ್ ಅಂತ ಇಟ್ಟಿದ್ದೇವೆ, ತೊಂದರೆ ಇದೆಯಾ?

ಕಪ್ಪು ಕೋಟು, ಕಲಬುರಗಿ

ಆ ಎರಡು ಶಬ್ದಕ್ಕೆ ತೊಂದರೆ ಇಲ್ಲ. ಐಪಿಎಲ್ ಲೋಗೋದ ಆ ಬ್ಯಾಟ್ಸ್‌ಮನ್ ಚಿತ್ರ ತೆಗೆದು ಬ್ಯಾನರಿಗೆ ಹಾಕಬೇಡಿ. 2003ರಲ್ಲಿ ದಿಲ್ಲಿ ಹೈಕೋರ್ಟಿನಲ್ಲಿ ಐಸಿಸಿಯ ಕಂಪನಿಯೇ 'ವರ್ಲ್ಡ್ ಕಪ್' ಶಬ್ದ ತನ್ನದು ಅಂತ ಹೋಗಿ ಸೋತಿತು, ಅದು ಎಲ್ಲರೂ ಬಳಸುವ ಶಬ್ದ ಅಂತ ಕೋರ್ಟ್ ಹೇಳಿತು. ಒಲಿಂಪಿಕ್ಸ್‌ನ ಐದು ಉಂಗುರ ಮಾತ್ರ ಮುಟ್ಟಬೇಡಿ. ಅದಕ್ಕೆ 1981ರ ನೈರೋಬಿ ಒಪ್ಪಂದ ಅಂತ ಬೇರೆಯೇ ರಕ್ಷಣೆ ಇದೆ, ನಮ್ಮ ದೇಶವೂ ಅದರಲ್ಲಿದೆ. ಶಾಲೆಗಳ ಕ್ರೀಡಾಕೂಟದ ಬ್ಯಾನರಿನಲ್ಲಿ ಅದನ್ನು ಬಹಳ ನೋಡುತ್ತೇನೆ.

ಎಡಗೈ ಓಪನರ್, ಕಲಬುರಗಿ

ಎಲ್ಲರಿಗೂ ಧನ್ಯವಾದ. ನಿನ್ನೆ ಕೂತು ಹುಡುಕಿದೆ. ಅರ್ಜಿ ಹಾಕಿದ್ದು ನಿಜ. ಹೋದ ವರ್ಷದ ಡಿಸೆಂಬರಿನದ್ದು, 41ನೇ ಕ್ಲಾಸಿನಲ್ಲಿ ಮಾತ್ರ. ಸ್ಟೇಟಸ್ ಕಡೆ ಆಬ್ಜೆಕ್ಟೆಡ್ ಅಂತ ಇದೆ. ಬಳಕೆಯ ಜಾಗದಲ್ಲಿ ಇನ್ನು ಮುಂದೆ ಬಳಸಲಾಗುವುದು ಅಂತ ಬರೆದಿದ್ದಾರೆ. ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ಆ ಹೆಸರಿನ ಟೀ ಶರ್ಟ್ ಹಾಕಿಕೊಂಡು ಅವರೇ ನಮ್ಮ ಜೊತೆ ಕಪ್ಪು ಹಿಡಿದ ಫೋಟೊ ನನ್ನ ಮೊಬೈಲಿನಲ್ಲಿದೆ.

ಕಪ್ಪು ಕೋಟು, ಕಲಬುರಗಿ

ಆ ಫೋಟೊ ಡಿಲೀಟ್ ಮಾಡಬೇಡಿ, ವಾಟ್ಸಾಪಿನದ್ದಲ್ಲ, ಒರಿಜಿನಲ್ ಫೈಲ್ ಬೇಕು, ದಿನಾಂಕ ಅದರಲ್ಲೇ ಇರುತ್ತದೆ. ಆಬ್ಜೆಕ್ಟೆಡ್ ಅಂದರೆ ಪರೀಕ್ಷಕರೇ ಪ್ರಶ್ನೆ ಎತ್ತಿದ್ದಾರೆ, ಇನ್ನೂ ಜರ್ನಲ್ಲಿಗೆ ಬಂದಿಲ್ಲ. ವಾರಕ್ಕೊಮ್ಮೆ ಸ್ಟೇಟಸ್ ನೋಡುತ್ತಿರಿ. ಬಂದ ದಿನದಿಂದ 4 ತಿಂಗಳ ಲೆಕ್ಕ.

ಈಗ ನಿಮ್ಮ ಕಡೆಯ ಎರಡು ತೂತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮೊದಲನೆಯದು ಲೋಗೋ. ಅದನ್ನು ಬರೆದದ್ದು ನಿಮ್ಮ ಗೆಳೆಯ, ಸುಮ್ನೆ ಪ್ರೀತಿಯಿಂದ ಬರೆದುಕೊಟ್ಟಿದ್ದಾರೆ. ಹಾಗಾದರೆ ಚಿತ್ರದ ಕಾಪಿರೈಟ್ ಅವರದ್ದೇ. ನಿಮ್ಮದೂ ಅಲ್ಲ, ಆ ಮ್ಯಾನೇಜರದ್ದೂ ಅಲ್ಲ. 1971ರಲ್ಲಿ ಕ್ಯಾರೊಲಿನ್ ಡೇವಿಡ್‌ಸನ್ ಅನ್ನುವ ವಿದ್ಯಾರ್ಥಿನಿ ನೈಕಿಯ ಟಿಕ್ ಗುರುತು ಬರೆದುಕೊಟ್ಟು 35 ಡಾಲರ್ ಪಡೆದರು, 1983ರಲ್ಲಿ ಕಂಪನಿ ಕರೆದು ಷೇರು ಕೊಟ್ಟಿತು. ನಿಮ್ಮ ಗೆಳೆಯನಿಗೂ ಏನಾದರೂ ಕೊಟ್ಟು, ಕಾಪಿರೈಟ್ ಬಿಟ್ಟುಕೊಟ್ಟಿದ್ದೇನೆ ಅಂತ ಬರಹದಲ್ಲಿ ಸಹಿ ಹಾಕಿಸಿಕೊಳ್ಳಿ. ಎಷ್ಟು ವರ್ಷಕ್ಕೆ ಅಂತ ಅದರಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಕಾನೂನು 5 ವರ್ಷ ಅಂತ ಹಿಡಿಯುತ್ತದೆ.

ಎರಡನೆಯದು ಇನ್ನೂ ದೊಡ್ಡದು. ನಿಮ್ಮ ಟೀಮ್ ಕಾಗದದ ಮೇಲೆ ಇಲ್ಲವೇ ಇಲ್ಲ. ಅರ್ಜಿ ಯಾರ ಹೆಸರಲ್ಲಿ ಹಾಕುತ್ತೀರಿ? ನಿಮ್ಮೊಬ್ಬರ ಹೆಸರಲ್ಲಿ ಹಾಕಿದರೆ ಮೂರು ವರ್ಷ ಬಿಟ್ಟು ಇದೇ ಜಗಳ ಮತ್ತೆ ಬರುತ್ತದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಸಂಘ ಮಾಡಿ, ಹೆಸರನ್ನು ಸಂಘದ್ದಾಗಿ ಮಾಡಿ. 25 ಮತ್ತು 41 ಎರಡರಲ್ಲೂ ಹಾಕಿ. ಊರಿನ ಹೆಸರೊಂದೇ ಯಾರಿಗೂ ಸಿಗುವುದಿಲ್ಲ, 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಜಿಐ, ಅಂದರೆ ಭೌಗೋಳಿಕ ಗುರುತು ಸಿಕ್ಕಿತಲ್ಲ, ಅದೂ ಒಬ್ಬ ರೈತನದ್ದಲ್ಲ, ಈ ನೆಲದಲ್ಲಿ ಬೆಳೆಯುವ ಎಲ್ಲರದು. ಆದ್ದರಿಂದ ಊರು, ಪ್ರಾಣಿ, ಚಿತ್ರ ಮೂರೂ ಸೇರಿದ ಗುರುತನ್ನು ಕೊಡಿ. ಕೋರ್ಟಿಗೆ ಹೋಗುವ ದಿನ ಬಂದರೂ ಚೆನ್ನೈ, ದಿಲ್ಲಿ ಅಂತ ಓಡಬೇಕಿಲ್ಲ, ಹೆಸರು ರಿಜಿಸ್ಟರ್ ಆಗಿದ್ದರೆ ನಿಮ್ಮ ಸಂಘ ಇರುವ ಕಲಬುರಗಿಯಲ್ಲೇ ದಾವೆ ಹಾಕಬಹುದು.

ಪಿಟಿ ಮಾಸ್ತರ್, ಬೀದರ್

ಒಂದು ಸಲ ಅವರ ಜೊತೆ ಎದುರಿಗೆ ಕೂತು ಮಾತಾಡಿ ಓಪನರ್ ಅವರೇ. ನಾಲ್ಕು ವರ್ಷ ನಿಮ್ಮ ಕಿಟ್ ಬ್ಯಾಗ್ ಹೊತ್ತವರು ಅವರು.

ಎಡಗೈ ಓಪನರ್, ಕಲಬುರಗಿ

ಮಾಸ್ತರ್ ಹೇಳಿದ ಹಾಗೆ ಭಾನುವಾರ ಮಾತಾಡಿದೆವು. ನಮ್ಮ ಓಣಿಯ ಹಿರಿಯರೊಬ್ಬರ ಮನೆಯಲ್ಲಿ. ಅವರಿಗೂ ಒಂದು ನೋವು ಇತ್ತು. ಮೈದಾನದ ಬುಕಿಂಗ್‌ನಿಂದ ಹಿಡಿದು ಸ್ಪಾನ್ಸರ್ ಹುಡುಕುವವರೆಗೆ ಅವರೇ ಓಡಾಡಿದ್ದು, ಒಂದು ಪೋಸ್ಟರಿನಲ್ಲೂ ಅವರ ಹೆಸರು ಬಂದಿರಲಿಲ್ಲ. ಅದು ನಮ್ಮ ತಪ್ಪು. ಅರ್ಜಿ ವಾಪಸ್ ತೆಗೆದುಕೊಳ್ಳುವುದಾಗಿ ಪೂರ್ತಿ ಒಪ್ಪಿಲ್ಲ, ಸಂಘ ಆಗಿ ಅದರಲ್ಲಿ ಅವರೂ ಇದ್ದರೆ ಯೋಚಿಸುತ್ತೇನೆ ಅಂದಿದ್ದಾರೆ. ನಾವು ಸರಿ ಅಂದಿದ್ದೇವೆ. ಏನೇ ಆದರೂ ಈ ವಾರ ನಮ್ಮ ಅರ್ಜಿಯ ಕೆಲಸ ಶುರು ಮಾಡುತ್ತೇವೆ. ಬೋರ್ಡ್ ಬರೆಯುವ ಗೆಳೆಯ ಸ್ಟಾಂಪ್ ಪೇಪರ್ ಮೇಲೆ ಸಹಿ ಹಾಕಲು ರೆಡಿ.

ಜರ್ಸಿ ಪ್ರಿಂಟಿಂಗ್, ಕಲಬುರಗಿ

ಅಣ್ಣಾ, ಬಿಲ್ ಸಿಕ್ಕಿತು. 2016ರ ಮಾರ್ಚ್, 14 ಟೀ ಶರ್ಟ್, ನಿಮ್ಮ ಟೀಮಿನ ಹೆಸರು ಅಪ್ಪನ ಕೈಬರಹದಲ್ಲೇ ಇದೆ. ಕೋರೆಲ್ ಫೈಲ್ ಇನ್ನೂ ಹುಡುಕುತ್ತಿದ್ದೇನೆ.

ಎಡಗೈ ಓಪನರ್, ಕಲಬುರಗಿ

ಅಪ್ಪನಿಗೆ ನನ್ನ ಶರಣಾರ್ಥಿ ಹೇಳಿ. ಸಂಜೆ ಬಂದು ಅದರ ಜೆರಾಕ್ಸ್ ತೆಗೆದುಕೊಳ್ಳುತ್ತೇನೆ, ಅಸಲಿ ನಿಮ್ಮ ಹತ್ತಿರವೇ ಜೋಪಾನವಾಗಿರಲಿ. 2014, 2015ರ ಪುರಾವೆ ಇನ್ನೂ ಬೇಕು. ಆ ಎರಡು ವರ್ಷ ಎನ್‌ವಿ ಮೈದಾನದಲ್ಲಿ ನಮ್ಮ ಎದುರು ಆಡಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಹಳೆಯ ಫೋನಿನಲ್ಲಿ ಸ್ವಲ್ಪ ನೋಡಿ. ಸ್ಕೋರ್ ಶೀಟ್ ಆದರೂ ಸರಿ, ಫೋಟೊ ಆದರೂ ಸರಿ, ಹಿಂದಿನ ಬ್ಯಾನರಿನಲ್ಲಿ ಹೆಸರು ಓದುವ ಹಾಗೆ ಇರಬೇಕು.